ಕಾದಂಬರಿಯ ಹುಡುಗಿ ತನ್ನ ತಂದೆಯನ್ನು ಕ್ಷಮಿಸಲೇಬೇಕೇ? ಶಹಾಪುರದಿಂದ ಬೀದರ್‌ವರೆಗಿನ ಕಥೆಗೆ ನಿಮ್ಮ ಮಾತು ಬೇಕು

ಕೃಷ್ಣಾತೀರ (ಶಹಾಪುರ)

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಹದಿನಾರು, ಹದಿನೇಳರ ಮಕ್ಕಳು ಓದಲೆಂದು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಹನ್ನೊಂದು ಅಧ್ಯಾಯ ಮುಗಿದಿವೆ, ಹನ್ನೆರಡನೆಯದರಲ್ಲಿ ಕೈ ನಿಂತುಬಿಟ್ಟಿದೆ.

ಕಥೆ ಹೀಗಿದೆ. ಹುಡುಗಿಗೆ ಹದಿನೇಳು ವರ್ಷ. ತಂದೆ ಬೈಕಿನ ಮೇಲೆ ಹಳ್ಳಿಯಿಂದ ಶಹಾಪುರಕ್ಕೆ ಹಾಲು ಹಾಕುತ್ತಿದ್ದವನು. ಕ್ಯಾನು ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಸರಿಯಾಗಿ ಕೂರುವುದಿಲ್ಲವೆಂದು ಹಿಂದಿನ ಗಾಲಿಯ ಎಡಬದಿಗಿದ್ದ ಸೀರೆ ಗಾರ್ಡನ್ನು ಬಿಚ್ಚಿ ಜೋಳದ ಚೀಲಗಳ ಹಿಂದೆ ಎಸೆದಿದ್ದ. ಎರಡು ವರ್ಷದ ಹಿಂದೆ ಒಂದು ದಿನ ಕ್ಯಾನು, ಸ್ಟ್ಯಾಂಡ್ ಎರಡನ್ನೂ ಇಳಿಸಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಗಾರ್ಡ್ ಮರಳಿ ಹಾಕಲಿಲ್ಲ. "ನಾಳೆ ಹಾಕಿದ್ರಾತು" ಅಂದಿದ್ದ. ಹೆಂಡತಿಯ ಸೆರಗು ಗಾಲಿಗೆ ಸುತ್ತಿಕೊಂಡಿತು, ಆಕೆ ಉಳಿಯಲಿಲ್ಲ. ದಿನಕರ್ಮ ಮುಗಿದ ವಾರಕ್ಕೆ ತಂದೆ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಬೀದರಿಗೆ ಹೋದವನು ದುಡ್ಡು ಕಳಿಸುತ್ತಾನೆ, ಬರುವುದಿಲ್ಲ.

ಈಗ ಮಗಳಿಗೆ ಆ ಗಾರ್ಡ್ ಸಿಕ್ಕಿದೆ. ಬೈಕು ಓಣಿಯ ಒಬ್ಬರಿಗೆ ಮಾರಿಹೋಗಿದ್ದು, ಆ ಮನೆಯ ಹುಡುಗನೇ ಅದನ್ನು ಓಡಿಸುತ್ತಾನೆ. ಅದೇ ಬೈಕಿನ ಮೇಲೆ, ಗಾರ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಇಬ್ಬರೂ ಜೇವರ್ಗಿ, ಕಲಬುರಗಿ, ಹುಮನಾಬಾದ್ ದಾಟಿ ಬೀದರಿಗೆ ಹೋಗುತ್ತಾರೆ. ದಾರಿಯಲ್ಲಿ ಅವರ ನಡುವೆ ಪ್ರೀತಿ ಹುಟ್ಟುತ್ತದೆ. ಬೀದರಿನಲ್ಲಿ ತಂದೆ ಸಿಗುತ್ತಾನೆ. ಆಮೇಲೆ? ನನ್ನ ವಿದ್ಯಾರ್ಥಿನಿಯರಲ್ಲಿ ಅರ್ಧದಷ್ಟು ಜನ "ಕ್ಷಮಿಸಲಿ" ಅನ್ನುತ್ತಾರೆ, ಉಳಿದವರು "ಬೇಡವೇ ಬೇಡ" ಅನ್ನುತ್ತಾರೆ. ನಿಮಗೆ ಏನನ್ನಿಸುತ್ತದೆ?

ಸಗರನಾಡಿನವ (ಸುರಪುರ)

ಅಕ್ಕಾ, ಕ್ಷಮೆಯ ಮಾತು ಆಮೇಲಿರಲಿ, ಮೊದಲು ಬಸ್ಸಿನ ಮಾತು. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಶಹಾಪುರದಿಂದ ಬೀದರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಮುಟ್ಟುವ ಹುಡುಗಿ ಬೈಕನ್ನೇಕೆ ಹತ್ತುತ್ತಾಳೆ? ಓದುವ ಮಕ್ಕಳು ಮೊದಲು ಕೇಳುವ ಪ್ರಶ್ನೆಯೇ ಇದು.

ಕರಿಕೋಟು (ಕಲಬುರಗಿ)

ಹುಡುಗನ ವಯಸ್ಸನ್ನು ಸ್ಪಷ್ಟವಾಗಿ ಬರೆಯಿರಿ. ಗೇರ್ ಇರುವ ಬೈಕಿಗೆ ಹದಿನೆಂಟು ತುಂಬಿರಲೇಬೇಕು. ಹದಿನಾರರಿಂದ ಹದಿನೆಂಟರವರೆಗೆ ಸಿಗುವ ಲೈಸೆನ್ಸು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧ ನಡೆದರೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯಿಂದಲೇ ಒಂದು ಜೀವ ಹೋದ ಕಥೆಯಲ್ಲಿ ಈ ವಿಷಯವನ್ನು ಹಗುರವಾಗಿ ಬಿಡಬಾರದು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿ.

ಕೃಷ್ಣಾತೀರ (ಶಹಾಪುರ)

ವಕೀಲರೇ, ಹುಡುಗನಿಗೆ ಹತ್ತೊಂಬತ್ತು, ಐಟಿಐ ಓದುತ್ತಿದ್ದಾನೆ, ಲೈಸೆನ್ಸ್ ಇದೆ. ಹೆಲ್ಮೆಟ್ ಒಂದೇ ಇತ್ತು, ಎರಡನೆಯದನ್ನು ಇವತ್ತೇ ಸೇರಿಸುತ್ತೇನೆ. ಸಗರನಾಡಿನ ತಮ್ಮಾ, ನಿಮ್ಮ ಪ್ರಶ್ನೆ ನಿಜಕ್ಕೂ ಗಟ್ಟಿಯಾಗಿದೆ. ಗಾರ್ಡ್ ಅದೇ ಬೈಕಿಗೆ ಹತ್ತಬೇಕು, ಅದನ್ನು ಹತ್ತಿಸುವ ಕೈ ತಂದೆಯದ್ದೇ ಆಗಬೇಕು ಎಂಬುದು ಅವಳ ಹಟ. ಆದ್ದರಿಂದ ಬೈಕು ಬೀದರಿಗೆ ಹೋಗಲೇಬೇಕು. ಆದರೆ ಅವಳು ಅದರ ಮೇಲೆಯೇ ಹೋಗಬೇಕೇ ಎಂದು ನಾನು ಯೋಚಿಸಿರಲಿಲ್ಲ.

ಕೆಂಪುಬಾಳೆ (ಕಮಲಾಪುರ)

ಹಾಗಾದರೆ ಎರಡನ್ನೂ ಇಟ್ಟುಕೊಳ್ಳಿ ಮೇಡಂ. ಶಹಾಪುರದಲ್ಲಿ ಅವಳು ಆ ಹುಡುಗನ ಹಿಂದೆ ಕೂತರೆ ಜೇವರ್ಗಿ ಮುಟ್ಟುವುದರೊಳಗೆ ಸೋದರಮಾವನಿಗೆ ಫೋನ್ ಹೋಗಿರುತ್ತದೆ. ಅವಳು ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂರಲಿ, ಗೋಣಿಚೀಲ ತೊಡೆಯ ಮೇಲಿರಲಿ. ಹುಡುಗ ಬೈಕಿನ ಮೇಲೆ ಬಸ್ಸಿನ ಹಿಂದೆ ಮುಂದೆ ಬರುತ್ತಿರಲಿ. ಭೀಮಾ ನದಿಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಅವನು ಪಕ್ಕಕ್ಕೆ ಬರುತ್ತಾನೆ, ಮೇಲೆ ನೋಡುವುದಿಲ್ಲ, ಅಷ್ಟೆ. ಕಲಬುರಗಿ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಗುರುತಿನವರು ಯಾರೂ ಇಲ್ಲದ ಊರಿನಲ್ಲಿ ಅವಳು ಮೊದಲ ಬಾರಿಗೆ ಆ ಬೈಕಿನ ಮುಂದೆ ನಿಲ್ಲುತ್ತಾಳೆ. ಹತ್ತಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಂದು ಪೂರ್ತಿ ಅಧ್ಯಾಯವಾಗಿ ಬರೆಯಿರಿ. ತಾಯಿಯನ್ನು ಕೊಂದ ಗಾಡಿಯನ್ನು ಯಾರೂ ಒಂದೇ ವಾಕ್ಯದಲ್ಲಿ ಹತ್ತುವುದಿಲ್ಲ.

ನಮ್ಮ ಕಮಲಾಪುರವನ್ನು ದಾಟುವಾಗ ರಸ್ತೆಬದಿಯಲ್ಲಿ ಕೆಂಪುಬಾಳೆ ಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ತಿಂಥಣಿ ಸೇತುವೆ (ಯಾದಗಿರಿ ಜಿಲ್ಲೆ)

ನನ್ನ ತಕರಾರು ಬೇರೆಯೇ ಇದೆ. ತಾಯಿಯನ್ನು ಕಳೆದುಕೊಂಡ ಮಗು, ತಂದೆಯನ್ನು ಹುಡುಕಿ ಹೊರಟಿದೆ. ಇದರಲ್ಲಿ ಪ್ರೀತಿ ಪ್ರೇಮಕ್ಕೆ ಏನು ಕೆಲಸ? ದುಃಖವನ್ನು ದುಃಖವಾಗಿಯೇ ಬರೆಯಬಾರದೇ? ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಲು ಹಿಂದುಮುಂದು ನೋಡುವ ಮನೆಗಳು ಇಂದಿಗೂ ನಮ್ಮ ಸುತ್ತ ಇವೆ. ಇಂಥ ಪುಸ್ತಕ ತಂದೆಯ ಕೈಗೆ ಸಿಕ್ಕರೆ ಆ ಹುಡುಗಿಯ ಓದು ನಿಲ್ಲಬಹುದು ಎಂಬ ಭಯ ನನ್ನದು.

ದ್ವಿತೀಯ ಪಿಯುಸಿ (ಬೀದರ್)

ಸರ್, ನನಗೆ ಹದಿನೇಳು ವರ್ಷ, ನಮ್ಮ ಅವ್ವ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಕಾಯಿಲೆಯಿಂದ ಹೋದರು, ಯಾರ ತಪ್ಪೂ ಇರಲಿಲ್ಲ. ಕಾಲೇಜಿಗೆ ಮರಳಿದ ದಿನದಿಂದ ಎಲ್ಲರೂ ನನ್ನನ್ನು ನೋಡಿ ದನಿ ಇಳಿಸುತ್ತಾರೆ. ಲೆಕ್ಚರರ್ ಪ್ರಶ್ನೆ ಕೇಳುವಾಗಲೂ ನನ್ನ ಬೆಂಚನ್ನು ಬಿಟ್ಟು ಮುಂದೆ ಹೋಗುತ್ತಾರೆ. ಒಬ್ಬ ಸಹಪಾಠಿ ಮಾತ್ರ ನನ್ನ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕು ತೆಗೆದುಕೊಂಡು ಹೋಗಿ ತಿರುಗಿ ಕೊಡದೆ ಜಗಳವಾಡಿದ. ಅವತ್ತು ನಾನು ಬಹಳ ದಿನದ ಮೇಲೆ ಜೋರಾಗಿ ಬೈದೆ, ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದೆ. ಅದು ಪ್ರೀತಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಅಂಥವನೊಬ್ಬ ಕಥೆಯಲ್ಲಿ ಇರಲಿ. ಮೇಡಂ, ಅವನು ಅವಳ ಕಣ್ಣೀರು ಒರೆಸುವ ದೃಶ್ಯವನ್ನು ಮಾತ್ರ ದಯವಿಟ್ಟು ಬರೆಯಬೇಡಿ.

ತಿಂಥಣಿ ಸೇತುವೆ (ಯಾದಗಿರಿ ಜಿಲ್ಲೆ)

ತಂಗೀ, ನಿನ್ನ ಮಾತು ನನ್ನನ್ನು ತಟ್ಟಿತು. ನನ್ನ ಭಯ ಹಾಗೆಯೇ ಇದೆ, ಆದರೆ ತಕರಾರನ್ನು ಹಿಂದಕ್ಕೆ ಪಡೆಯುತ್ತೇನೆ.

ಹತ್ತರ ಪಾನಾ (ಹುಮನಾಬಾದ್)

ನಾನು ಗ್ಯಾರೇಜ್ ನಡೆಸುವವನು. ಅಕ್ಕ ಬರೆದದ್ದು ನಮ್ಮ ಕಣ್ಣೆದುರಿಗೆ ನಡೆಯುವುದೇ. ಹೊಸ ಬೈಕು ಬಂದ ವಾರಕ್ಕೇ ಚಂದ ಕಾಣುವುದಿಲ್ಲವೆಂದು ಗಾರ್ಡ್ ಬಿಚ್ಚಿಸುವ ಹುಡುಗರಿದ್ದಾರೆ. ಹಾಲಿನವರು, ಗ್ಯಾಸ್ ಸಿಲಿಂಡರಿನವರು, ಮೇವು ಕಟ್ಟುವವರು ಬಿಚ್ಚಿಸುವುದು ಹೊಟ್ಟೆಪಾಡಿಗೆ. ಬಿಚ್ಚಿದ್ದನ್ನು ಮರಳಿ ಹಾಕಿಸಲು ಬಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಇನ್ನೊಂದು ಮಾತು. ಹುಡುಗಿ ಚೂಡಿದಾರದಲ್ಲಿ ಎರಡೂ ಬದಿಗೆ ಕಾಲು ಹಾಕಿ ಕೂತರೂ ವೇಲ್ ಇದ್ದೇ ಇರುತ್ತದೆ, ಗಾರ್ಡ್ ಇಲ್ಲದ ಗಾಲಿ ಸೆರಗನ್ನು ಎಳೆದಂತೆಯೇ ವೇಲನ್ನೂ ಎಳೆಯುತ್ತದೆ. ಹುಡುಗ ಗಾಡಿ ಚಾಲೂ ಮಾಡುವ ಮೊದಲು ಹಿಂದೆ ತಿರುಗಿ, "ವೇಲ್ ನಡಕ್ಕ ಕಟ್ಟು, ಎರಡು ಗಂಟ ಹಾಕು" ಅನ್ನಲಿ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅವನು ಆಡಬೇಕಾದ ಪ್ರೀತಿಯ ಮಾತು ಅದೊಂದೇ.

ಕರಿಕೋಟು (ಕಲಬುರಗಿ)

ಪಾನಾ ಅವರ ಮಾತಿಗೆ ಸೇರಿಸುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಇದಕ್ಕೆಂದೇ ಇದೆ. ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕು. ಕಂಪನಿಯವರು ಹಾಕಿಕೊಡುತ್ತಾರೆ, ನಾವು ಬಿಚ್ಚುತ್ತೇವೆ.

ಎಳ್ಳಮಾಸಿ (ಯಾದಗಿರಿ)

ನನಗೀಗ ನಲವತ್ತೆರಡು. ಈ ಮಾತನ್ನು ನಾನು ಎಲ್ಲಿಯೂ ಬರೆದಿಲ್ಲ.

ನನ್ನ ಅಣ್ಣನನ್ನು ನಮ್ಮ ಅಪ್ಪ ಹದಿನೈದನೆಯ ವಯಸ್ಸಿಗೆ ಶಾಲೆ ಬಿಡಿಸಿ ಪುಣೆಗೆ ದುಡಿಯಲು ಕಳಿಸಿದರು. ಆ ವರ್ಷ ಮಳೆಯಾಗಿರಲಿಲ್ಲ, ಮೈಮೇಲೆ ಸಾಲವಿತ್ತು. ಅಣ್ಣ ಕಟ್ಟಡದ ಮೇಲಿಂದ ಬಿದ್ದು ಹೋದ. ಅವನನ್ನು ಊರಿಗೆ ತಂದ ದಿನದಿಂದ ಆರು ವರ್ಷ ನಾನು ಅಪ್ಪನೊಡನೆ ಒಂದು ಮಾತೂ ಆಡಲಿಲ್ಲ. ಒಂದೇ ಮನೆ, ಒಂದೇ ಒಲೆ. ರೊಟ್ಟಿಯ ಗಂಗಾಳವನ್ನು ಅವರ ಮುಂದಿಟ್ಟು ಒಳಗೆ ಹೋಗುತ್ತಿದ್ದೆ. ನೀರು ಬೇಕಾದರೆ ಅವರು ತಂಬಿಗೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಿದ್ದರು, "ನೀರು" ಎನ್ನುತ್ತಿರಲಿಲ್ಲ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಏಳನೆಯ ವರ್ಷದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಕಡುಬು, ಅಂಬಲಿ ಎಲ್ಲವನ್ನೂ ಅವ್ವ ಬುಟ್ಟಿಯಲ್ಲಿ ಹೊತ್ತು ತಂದಿದ್ದಳು. ಚರಗ ಚೆಲ್ಲುವಾಗ ಒಬ್ಬರು ಅನ್ನ ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರಬೇಕು. ನಮ್ಮ ಮನೆಯಲ್ಲಿ ಹಿಂದೆ ಬರುತ್ತಿದ್ದವನು ಅಣ್ಣ. ಆರು ವರ್ಷ ಆ ಕೆಲಸಕ್ಕೆ ಪಕ್ಕದ ಹೊಲದ ಹುಡುಗನನ್ನು ಕರೆಯುತ್ತಿದ್ದರು. ಆ ಸಲ ಅವನು ಬಂದಿರಲಿಲ್ಲ. ಅಪ್ಪ ಅನ್ನದ ಪಾತ್ರೆ ಹಿಡಿದು ಬದುವಿನ ಮೇಲೆ ಸುಮ್ಮನೆ ನಿಂತಿದ್ದರು, ಯಾರನ್ನೂ ಕರೆಯಲಿಲ್ಲ. ನಾನು ತಂಬಿಗೆ ತೆಗೆದುಕೊಂಡು ಹಿಂದೆ ಹೋದೆ. ಕಡಲೆ ಹೊಲ, ಬಿಳಿಜೋಳ, ಮತ್ತೆ ತೊಗರಿ, ಹೀಗೆ ನಾಲ್ಕೂ ಬದು ಸುತ್ತಿದೆವು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ನಾನು ಕ್ಷಮಿಸಿದೆನೋ ಇಲ್ಲವೋ ಹೇಳಲಾರೆ. ಅಂದು ಸಂಜೆ "ಊಟ ಮಾಡ್ರಿ" ಅಂದೆ, ಅಷ್ಟು ಗೊತ್ತು. ಅಣ್ಣನ ವಿಷಯವನ್ನು ಅವರು ಸಾಯುವವರೆಗೂ ನಾವಿಬ್ಬರೂ ಎತ್ತಲಿಲ್ಲ.

ಸಗರನಾಡಿನವ (ಸುರಪುರ)

ಅಕ್ಕಾ, ಇದನ್ನು ಬರೆದದ್ದಕ್ಕೆ ನಿಮಗೆ ಶರಣು.

ರಾತ್ರಿ ಪಾಳಿ (ಕಲಬುರಗಿ)

ಎಳ್ಳಮಾಸಿ ಅಕ್ಕನ ಮೇಲೆ ನನಗೆ ಗೌರವವಿದೆ, ಆದರೆ ನಾನು ಎದುರು ಮಾತಾಡಲೇಬೇಕು. ನಾನು ನನ್ನ ತಂದೆಯನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಕುಡಿದು ಬಂದು ನಮ್ಮ ತಾಯಿಯನ್ನು ಹೊಡೆಯುತ್ತಿದ್ದವರು ಅವರು. ನೆಂಟರ ಮನೆಯ ಮದುವೆಗೆ ಹೋದಲ್ಲೆಲ್ಲ ಯಾರಾದರೂ ಹಿರಿಯರು ಕೈ ಹಿಡಿದು, "ಎಷ್ಟಂದ್ರೂ ಅಪ್ಪ, ಹೊಟ್ಯಾಗ ಹಾಕ್ಕೊ ತಮ್ಮಾ" ಅನ್ನುತ್ತಾರೆ. ಎಷ್ಟು ಹಾಕಿಕೊಳ್ಳಬೇಕು? ನಮ್ಮ ತಾಯಿಯೂ ಹಾಕಿಕೊಂಡೇ ಹೋದಳು. ನಿಮ್ಮ ಕಾದಂಬರಿಯೂ ಕೊನೆಯ ಪುಟದಲ್ಲಿ ತಂದೆಯ ಕಾಲಿಗೆ ಬಿದ್ದು ಅಳುವ ಮಗಳನ್ನು ತೋರಿಸಿದರೆ, ನನ್ನಂಥ ಒಬ್ಬ ಹುಡುಗ ಅದನ್ನು ಓದಿ ತಾನೇ ಕೆಟ್ಟವನೆಂದು ತಿಳಿಯುತ್ತಾನೆ. ಕ್ಷಮಿಸದ ಮಕ್ಕಳಿಗೂ ಒಂದು ಪುಸ್ತಕ ಬೇಕು.

ಕೆಂಪುಬಾಳೆ (ಕಮಲಾಪುರ)

ಕುಡಿದು ಹೊಡೆಯುವವನನ್ನೂ ಗಾರ್ಡ್ ಹಾಕಲು ಮರೆತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ರಾತ್ರಿ ಪಾಳಿ (ಕಲಬುರಗಿ)

ತೂಗುತ್ತಿಲ್ಲ ಸರ್. ಆದರೆ ಈ ತಂದೆ ಮರೆತವನಲ್ಲ, "ನಾಳೆ" ಅಂದವನು. ಆಮೇಲೆ ಮಗಳನ್ನು ಬಿಟ್ಟು ಹೋದವನು. ಅಪಘಾತ ಒಂದು ದಿನದ್ದು, ಬಿಟ್ಟು ಹೋದದ್ದು ಎರಡು ವರ್ಷದ್ದು. ಅವಳ ಸಿಟ್ಟು ಯಾವುದರ ಮೇಲೆ ಎಂಬುದನ್ನೇ ನೀವು ಯಾರೂ ಕೇಳುತ್ತಿಲ್ಲ.

ಖಡಕ್ ರೊಟ್ಟಿ (ಸೇಡಂ)

ಈ ಮಾತು ಮುಖ್ಯವಾದದ್ದು. ಇದಕ್ಕೆ ಭಾಷೆಯ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. "ಕ್ಷಮಿಸು" ಎಂಬ ಪದವನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಅದು ಪುಸ್ತಕದ್ದು. ಉರ್ದುವಿನಿಂದ ಬಂದ "ಮಾಫ್ ಮಾಡು" ಇದೆ, ಅದನ್ನು ಗೆಳೆಯರ ನಡುವೆ ಆಡುತ್ತೇವೆ. ಮನೆಯಲ್ಲಿ ಆಡುವುದು "ತಪ್ಪಾತು". ಈ ಪದವನ್ನು ಸ್ವಲ್ಪ ನಿಂತು ನೋಡಿ. ಮಳೆಯಾಯಿತು, ಬೆಳಗಾಯಿತು ಎನ್ನುವ ಹಾಗೆ ತಪ್ಪಾಯಿತು. ತಾನಾಗಿ ಆದದ್ದು, ಮಾಡಿದವರು ಯಾರೂ ಇಲ್ಲ. "ನಾ ತಪ್ಪು ಮಾಡ್ದೆ" ಎಂದರೆ ಬೇರೆ, ಅಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ತಂದೆಯಾದವನು ಮಕ್ಕಳ ಮುಂದೆ ಮೊದಲನೆಯದನ್ನು ಹೇಳುವುದೇ ಅಪರೂಪ, ಎರಡನೆಯದನ್ನು ನಾನಂತೂ ಕೇಳಿಲ್ಲ. ನಿಮ್ಮ ಹುಡುಗಿ ಬೀದರಿಗೆ ಹೋಗುವುದು ಕ್ಷಮಿಸಲೂ ಅಲ್ಲ, ಕ್ಷಮಿಸದಿರಲೂ ಅಲ್ಲ. "ಆತು" ಎಂಬುದನ್ನು "ಮಾಡ್ದೆ" ಎಂದು ತಂದೆಯ ಬಾಯಿಂದ ಹೇಳಿಸಲು ಹೋಗುತ್ತಾಳೆ ಎಂದು ನನಗೆ ಕಾಣುತ್ತದೆ.

ಕರಿಕೋಟು (ಕಲಬುರಗಿ)

ಖಡಕ್ ರೊಟ್ಟಿಯವರೇ, ನೀವು ಹೇಳಿದ್ದನ್ನು ನಾನು ದಿನವೂ ನ್ಯಾಯಾಲಯದಲ್ಲಿ ನೋಡುತ್ತೇನೆ. ಮೇಡಂ, ನಿಮ್ಮ ಕಥೆಯಲ್ಲಿ ಒಂದು ದೊಡ್ಡ ಕಿಂಡಿ ಉಳಿದಿದೆ. ಗಾಡಿಯಿಂದ ಸಾವಾದರೆ ಪೊಲೀಸ್ ಕೇಸು ಆಗುತ್ತದೆ. ಸತ್ತವಳು ಹೆಂಡತಿಯಾದರೂ ಓಡಿಸಿದವನು ಆರೋಪಿ. 2024ರ ಜುಲೈ 1ಕ್ಕೆ ಮೊದಲು ನಡೆದದ್ದಾದರೆ ದಂಡ ಸಂಹಿತೆಯ 304ಎ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ. ಬೈಕು ಠಾಣೆಗೆ ಹೋಗುತ್ತದೆ, ಮೋಟಾರು ವಾಹನ ನಿರೀಕ್ಷಕರು ಬಂದು ನೋಡುತ್ತಾರೆ, ಆಮೇಲೆಯೇ ಬಿಡುಗಡೆ.

ಇಂಥ ಹೊತ್ತಿನಲ್ಲಿ ಹಿರಿಯರು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. "ಹೋದಾಕಿ ಹೋದ್ಲು, ಇವನೂ ಜೈಲಿಗಿ ಹೋದ್ರ ಮಗಳ ಗತಿ ಏನು" ಎಂದು ಕೂತು ಮಾತಾಡಿ, ನಾಯಿ ಅಡ್ಡ ಬಂತು ಎಂದು ಹೇಳಿಸುತ್ತಾರೆ. ಹೇಳಿಕೆ ಕೊಡುವವರಲ್ಲಿ ಹದಿನೈದು ವರ್ಷದ ಆ ಮಗಳೂ ಇರಬಹುದು. ನಾನು ಯಾವ ಒಂದು ಪ್ರಕರಣವನ್ನೂ ಕುರಿತು ಹೇಳುತ್ತಿಲ್ಲ.

ಕೃಷ್ಣಾತೀರ (ಶಹಾಪುರ)

ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ರಾತ್ರಿ ಪಾಳಿಯ ತಮ್ಮನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅವಳ ಸಿಟ್ಟು ಗಾರ್ಡಿನ ಮೇಲಷ್ಟೇ ಅಲ್ಲ, ತಂದೆ ಬಿಟ್ಟು ಹೋದದ್ದರ ಮೇಲಷ್ಟೇ ಅಲ್ಲ. ಇರದ ನಾಯಿಯನ್ನು ಅವಳ ಬಾಯಿಂದ ರಸ್ತೆಗೆ ತಂದರು, ತಂದೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ತಾಯಿಯ ಸಾವಿನ ನಿಜ ಗೊತ್ತಿರುವವರು ಇಬ್ಬರೇ, ಅವರಲ್ಲಿ ಒಬ್ಬ ಊರು ಬಿಟ್ಟಿದ್ದಾನೆ. ಬೀದರಿನವರೆಗೆ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ದಾರಿಯಲ್ಲಿ ಹುಡುಗನೂ ಅವಳನ್ನು, "ಆ ನಾಯಿ ಯಾವ ಬಣ್ಣದ್ದಿತ್ತು?" ಎಂದು ತಿಳಿಯದೆ ಕೇಳುತ್ತಾನೆ. ಅವಳು ನಿಜ ಹೇಳುವ ಮೊದಲ ಮನುಷ್ಯ ಅವನಾಗುತ್ತಾನೆ. ತಿಂಥಣಿ ಸೇತುವೆಯ ಅಣ್ಣಾ, ಪ್ರೀತಿಗೆ ಇಲ್ಲಿ ಏನು ಕೆಲಸ ಎಂದು ಕೇಳಿದ್ದಿರಲ್ಲ, ಇದು ಅದರ ಕೆಲಸ.

ಒಂದನೆಯ ಅಧ್ಯಾಯದಿಂದ ಮತ್ತೆ ಬರೆಯಬೇಕು. ಬರೆಯುತ್ತೇನೆ. ಬೀದರಿನವರು ಯಾರಾದರೂ ಇದ್ದರೆ ಹೇಳಿ, ತಂದೆಯನ್ನು ಬಿದರಿ ಕೆಲಸದ ಮನೆಯಲ್ಲಿ ಕುಶಲಕರ್ಮಿಯಾಗಿ ಇಟ್ಟಿದ್ದೇನೆ, ಸರಿಯೇ?

ಬಿದರಿ ಹೂಜಿ (ಬೀದರ್)

ಸರಿಯಲ್ಲ ಮೇಡಂ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸುವ ಕೆಲಸ ಎರಡು ವರ್ಷಕ್ಕೆ ಕೈಗೆ ಹತ್ತುವುದಲ್ಲ, ಮನೆತನದಿಂದ ಬಂದವರೇ ಹತ್ತಾರು ವರ್ಷ ಕಲಿಯುತ್ತಾರೆ. ಹೊಸಬನಿಗೆ ಅರ ಹಾಕಿ ಉಜ್ಜುವ ಕೆಲಸ ಕೊಡಬಹುದು. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಮಣ್ಣನ್ನು ಪರೀಕ್ಷಿಸಲು ಕಸಬುದಾರರು ನಾಲಿಗೆಯ ತುದಿಗೆ ಹಚ್ಚಿ ನೋಡುತ್ತಾರೆ. ಮಗಳು ಬಾಗಿಲಲ್ಲಿ ನಿಂತಾಗ ತಂದೆಯ ಉಗುರಿನ ಸಂದಿಯಲ್ಲಿ ಅರದ ಪುಡಿ ಕೂತಿರಲಿ, ಬೇರೆ ವರ್ಣನೆ ಬೇಡ.

ಸಗರನಾಡಿನವ (ಸುರಪುರ)

ಕಲಬುರಗಿ ಬೀದರ್ ರೈಲು 2017ರಲ್ಲಿಯೇ ಶುರುವಾಗಿದೆ, ಮರಳಿ ಬರುವಾಗ ಅವಳು ರೈಲಿನಲ್ಲಿ ಒಬ್ಬಳೇ ಬರಬಹುದಲ್ಲವೇ?

ದ್ವಿತೀಯ ಪಿಯುಸಿ (ಬೀದರ್)

ಒಬ್ಬಳೇ ಬೇಡ ಅಣ್ಣಾ. ಬೈಕಿನ ಮೇಲೆಯೇ ಬರಲಿ. ಆಗ ಗಾರ್ಡ್ ಇರುತ್ತದೆ.

ಹತ್ತರ ಪಾನಾ (ಹುಮನಾಬಾದ್)

ಈಗ ನಾನು ಕೆಲಸದ ಮಾತು ಹೇಳಬೇಕು. ಗಾರ್ಡ್ ಬಿಚ್ಚಿದವನು ಬೋಲ್ಟು ಕಳೆದುಹೋಗಬಾರದೆಂದು ಅದೇ ತೂತಿಗೆ ತಿರುಗಿಸಿ ಬಿಟ್ಟಿರುತ್ತಾನೆ, ಎಲ್ಲರೂ ಹಾಗೇ ಮಾಡುವುದು. ಎರಡು ವರ್ಷ ಮಳೆ, ಕೆಸರು, ಮೇಲಿಂದ ಹಾಲಿನ ನೀರು ಬಿದ್ದು ಆ ಬೋಲ್ಟು ಜಂಗು ಹಿಡಿದು ಕೂತಿರುತ್ತದೆ. ಹುಡುಗಿ ಹೋಗಿ ಗಾರ್ಡ್ ಮುಂದಿಟ್ಟು "ಹಾಕು" ಎಂದ ತಕ್ಷಣ ಹಾಕಲು ಬರುವುದಿಲ್ಲ. ಜೋರು ಮಾಡಿದರೆ ಬೋಲ್ಟಿನ ತಲೆ ಮುರಿದು ಒಳಗೇ ಉಳಿಯುತ್ತದೆ. ಡೀಸೆಲ್ಲೋ ಸೀಮೆಎಣ್ಣೆಯೋ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಿಗ್ಗೆ ಮೊದಲು ಬಿಗಿಯಾಗುವ ಕಡೆಗೇ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಬೇಕು. ಹಾಗಾಗಿ ನಿಮ್ಮ ಹುಡುಗಿ ಆ ರಾತ್ರಿ ಬೀದರಿನಲ್ಲಿ ಉಳಿಯಲೇಬೇಕಾಗುತ್ತದೆ.

ರಾತ್ರಿ ಪಾಳಿ (ಕಲಬುರಗಿ)

ಇದನ್ನು ನಾನು ಒಪ್ಪುತ್ತೇನೆ. ಅವಳು ತಂದೆಗಾಗಿ ಉಳಿಯಲಿಲ್ಲ, ಬೋಲ್ಟಿಗಾಗಿ ಉಳಿದಳು ಎಂದೇ ಬರೆಯಿರಿ ಮೇಡಂ. ರಾತ್ರಿ ಅವನು "ಮಾಡ್ದೆ" ಎಂಬ ಮಾತನ್ನು ಹೇಳಿದರೂ ಅವಳು ಉತ್ತರ ಕೊಡದಿರಲಿ. ಆ ಹಕ್ಕು ಅವಳದ್ದೇ ಆಗಿ ಉಳಿಯಲಿ.

ಎಳ್ಳಮಾಸಿ (ಯಾದಗಿರಿ)

ಸರಿಯಾಗಿ ಹೇಳಿದೆ ತಮ್ಮಾ. ಉತ್ತರ ಕೊಡದಿದ್ದರೂ ಅವಳು ಎದ್ದು ಹೊರಗೆ ಹೋಗದಿದ್ದರೆ ನನಗೆ ಸಾಕು.

ಕೃಷ್ಣಾತೀರ (ಶಹಾಪುರ)

ಹಾಗೆಯೇ ಬರೆಯುತ್ತೇನೆ. ಪಾನಾ ಅಣ್ಣಾ, ಒಂದೇ ಪ್ರಶ್ನೆ. ಬೆಳಗಿನ ಜಾವ, ಇನ್ನೂ ಕತ್ತಲೆಯಿರುವಾಗ ತಂದೆ ಒಬ್ಬನೇ ಈ ಕೆಲಸ ಮಾಡಬಲ್ಲನೇ?

ಹತ್ತರ ಪಾನಾ (ಹುಮನಾಬಾದ್)

ಆಗುವುದಿಲ್ಲ ಅಕ್ಕಾ. ಮುಂದಿನ ಬೋಲ್ಟು ಕಾಣುತ್ತದೆ, ಹಿಂದಿನದು ಶಾಕಪ್ಪಿನ ಮರೆಯಲ್ಲಿರುತ್ತದೆ. ಒಂದು ಕೈಯಲ್ಲಿ ಗಾರ್ಡ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪಾನಾ ತಿರುಗಿಸಬೇಕು. ಮೊಬೈಲಿನ ಬೆಳಕು ಹಿಡಿಯಲು ಇನ್ನೊಬ್ಬರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರಲೇಬೇಕು. ಹುಡುಗ ಹೇಗೂ ಅಲ್ಲಿಯೇ ಇರುತ್ತಾನಲ್ಲ.

ಕೃಷ್ಣಾತೀರ (ಶಹಾಪುರ)

ಹುಡುಗನನ್ನು ಚಹಾ ತರಲು ಕಳಿಸುತ್ತೇನೆ.